ಗೂಡಿನ ಬೆಲೆ

ಹಿಂದೆ ದನಗಳ ಜಾತ್ರೆಗಳಲ್ಲಿ ಒಂದು ವಿಚಿತ್ರ ದೃಶ್ಯ ಕಾಣಸಿಗುತ್ತಿತ್ತು. ಕೊಳ್ಳುವವನೂ ದಲ್ಲಾಳಿಯೂ ಎದುರೆದುರು ನಿಂತು, ಕೂಡಿಸಿದ ಕೈಗಳ ಮೇಲೆ ವಲ್ಲಿಯೊಂದನ್ನು ಹೊದಿಸಿಕೊಂಡು, ಅದರ ಮರೆಯಲ್ಲಿ ಒಬ್ಬರ ಬೆರಳುಗಳನ್ನು ಮತ್ತೊಬ್ಬರು ಹಿಡಿದು ಅದುಮುತ್ತಿದ್ದರು. ಒಂದೊಂದು ಬೆರಳಿಗೂ ಒಂದೊಂದು ಲೆಕ್ಕ. ಸುತ್ತ ನೆರೆದವರಿಗೆ ಅವರ ಮುಖಗಳು ಕಾಣುತ್ತಿದ್ದುವೇ ಹೊರತು ಬೆಲೆ ತಿಳಿಯುತ್ತಿರಲಿಲ್ಲ. ಎಷ್ಟೋ ವೇಳೆ ಎತ್ತಿನ ಒಡೆಯನಿಗೂ ತನ್ನ ಎತ್ತಿಗೆ ಕೊಳ್ಳುವವನು ಮೊದಲು ಎಷ್ಟು ಕೇಳಿದ್ದನೆಂಬುದು ಗೊತ್ತಾಗುತ್ತಿರಲಿಲ್ಲ. ಬೆಲೆಯನ್ನು ಬಲ್ಲವನು ವಲ್ಲಿಯ ಒಳಗೆ ಕೈಯಿಟ್ಟವನು. ಉಳಿದವರು ಅವನ ಮಾತನ್ನು ನಂಬಬೇಕಾದವರು.

ವ್ಯಾಪಾರದ ಕಥೆಯೆಲ್ಲ ಬಹುಮಟ್ಟಿಗೆ ಈ ವಲ್ಲಿಯ ಕಥೆಯೇ ಆಗಿದೆ. ಯಾವ ವಸ್ತುವಿಗೆ ಎಲ್ಲಿ ಎಷ್ಟು ಬೆಲೆಯಿದೆ ಎಂಬ ಅರಿವು ಯಾರ ಬಳಿಯಿದೆಯೋ ಅವನ ಕೈ ಮೇಲಾಗುತ್ತದೆ. ಇಂದು ನಾವು ಡಿಜಿಟಲ್ ಸಾಧನಗಳೆಂದು ಕರೆಯುವ ಗಣಕಯಂತ್ರ, ಮೊಬೈಲ್ ಫೋನು, ಅಂತರಜಾಲ ಮುಂತಾದುವು ವ್ಯಾಪಾರದಲ್ಲಿ ತಂದಿರುವ ಬದಲಾವಣೆಯನ್ನು ತಿಳಿಯಬೇಕಾದರೆ ಈ ಅರಿವು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ನೋಡಬೇಕು. ‘ಡಿಜಿಟಲ್’ ಎಂಬ ಪದದ ಮೂಲದಲ್ಲಿಯೂ ಬೆರಳೇ ಇರುವುದು ಒಂದು ಸೋಜಿಗ. ಲ್ಯಾಟಿನ್ ಭಾಷೆಯಲ್ಲಿ ‘ಡಿಜಿಟಸ್’ ಎಂದರೆ ಬೆರಳು. ಬೆರಳೆಣಿಕೆಯಿಂದ ಅಂಕೆಯೂ, ಅಂಕೆಯಿಂದ ಗಣಕದ ಭಾಷೆಯೂ ಹುಟ್ಟಿದುವು.

ಈ ಬದಲಾವಣೆಯನ್ನು ನೋಡಲು ಮಹಾನಗರಗಳಿಗೇ ಹೋಗಬೇಕಾಗಿಲ್ಲ. ಬೆಂಗಳೂರಿನ ದಕ್ಷಿಣಕ್ಕೆ, ಹಾರೋಹಳ್ಳಿಗೆ ಸಮೀಪದಲ್ಲಿ ಮರಳವಾಡಿ ಎಂಬ ಹೋಬಳಿಯಿದೆ. ಬಹುಕಾಲ ಕನಕಪುರ ತಾಲ್ಲೂಕಿಗೆ ಸೇರಿದ್ದ ಈ ಸೀಮೆ, 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾದಾಗ ಆ ಜಿಲ್ಲೆಗೆ ಸೇರಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರನ್ನಿಡಲಾಯಿತು. ರಾಗಿ, ಹಾಲು, ರೇಷ್ಮೆ ಈ ಭಾಗದ ಜನರ ಜೀವನಾಧಾರಗಳು. ಹಿಪ್ಪುನೇರಳೆ ತೋಟವೊಂದನ್ನಿಟ್ಟುಕೊಂಡು ವರ್ಷಕ್ಕೆ ಹಲವು ಬಾರಿ ರೇಷ್ಮೆ ಹುಳುಗಳನ್ನು ಸಾಕುವ ಕುಟುಂಬಗಳು ಇಲ್ಲಿ ಅನೇಕ.

ರೇಷ್ಮೆ ಬೆಳೆಯ ಸ್ವಭಾವವೇ ಬೇರೆ. ರಾಗಿಯನ್ನು ಕಣಜದಲ್ಲಿಟ್ಟು ಬೆಲೆ ಏರುವ ತನಕ ಕಾಯಬಹುದು. ಗೂಡನ್ನು ಹಾಗೆ ಇಡಲಾಗದು. ಹುಳು ಸುಮಾರು ಇಪ್ಪತ್ತೈದು ದಿನಗಳ ಕಾಲ ಸೊಪ್ಪು ತಿಂದು, ನಾಲ್ಕು ಬಾರಿ ‘ಜ್ವರ’ಕ್ಕೆ ಹೋಗಿ ಎದ್ದು, ಹಣ್ಣಾಗಿ ಚಂದ್ರಿಕೆ ಏರುತ್ತದೆ. ಇಲ್ಲಿ ಜ್ವರವೆಂದರೆ ರೋಗವಲ್ಲ. ಹುಳು ಮೇವು ಬಿಟ್ಟು ಪೊರೆ ಕಳಚುವ ಅವಸ್ಥೆಗೆ ರೈತರು ಇಟ್ಟ ಹೆಸರು. ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸಿದ ಹುಳು ಒಳಗೆ ಕೋಶವಾಗುತ್ತದೆ. ಐದಾರು ದಿನಗಳಿಗೆ ರೈತನು ಗೂಡು ಬಿಡಿಸುತ್ತಾನೆ. ಅಲ್ಲಿಂದ ಮುಂದೆ ಕೆಲವೇ ದಿನ ಕಳೆದರೆ ಕೋಶವು ಚಿಟ್ಟೆಯಾಗಿ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ. ಮುರಿಯದಿದ್ದರೆ ನೂರಾರು ಮೀಟರು ಉದ್ದದ ಒಂದೇ ಎಳೆಯಾಗಿ ಬಿಚ್ಚಬಹುದಾಗಿದ್ದ ಗೂಡು, ತೂತಾದೊಡನೆ ನೂಲು ತೆಗೆಯುವವನಿಗೆ ನಿರುಪಯೋಗಿಯಾಗುತ್ತದೆ. ಒಂದು ತಿಂಗಳ ದುಡಿಮೆ, ಸೊಪ್ಪಿನ ಖರ್ಚು, ನಿದ್ದೆಗೆಟ್ಟ ರಾತ್ರಿಗಳು ಇವೆಲ್ಲ ಮೂರು ನಾಲ್ಕು ದಿನಗಳ ಅವಧಿಯೊಳಗೆ ಹಣವಾಗಬೇಕು. ಮಾರುವವನಿಗೆ ಅವಸರವಿದೆಯೆಂದು ಕೊಳ್ಳುವವನಿಗೆ ತಿಳಿದಿರುವಾಗ ಬೆಲೆ ಎತ್ತ ಸರಿಯುತ್ತದೆಂಬುದನ್ನು ಹೇಳಬೇಕಾಗಿಲ್ಲ.

ಈ ಅಸಮತೆಯನ್ನು ತಗ್ಗಿಸಲು ಸರ್ಕಾರವು ಬಹಳ ಹಿಂದೆಯೇ ಯತ್ನಿಸಿತು. ರೇಷ್ಮೆ ಮೊಟ್ಟೆ, ಗೂಡು ಮತ್ತು ನೂಲುಗಳ ಉತ್ಪಾದನೆ, ಮಾರಾಟಗಳನ್ನು ನಿಯಂತ್ರಿಸುವ ಕಾಯಿದೆ 1959ರಲ್ಲಿ ಬಂದಿತು. ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಯಲ್ಲಿ, ಬಹಿರಂಗ ಹರಾಜಿನಲ್ಲಿಯೇ ನಡೆಯಬೇಕೆಂಬ ವ್ಯವಸ್ಥೆ ಕ್ರಮೇಣ ನೆಲೆಗೊಂಡಿತು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾಯಿತು. ನೆರೆಯ ಜಿಲ್ಲೆಗಳಿಂದ ಮಾತ್ರವಲ್ಲ, ನೆರೆಯ ರಾಜ್ಯಗಳಿಂದಲೂ ರೈತರು ಗೂಡಿನ ಚೀಲಗಳನ್ನು ಹೊತ್ತು ಇಲ್ಲಿಗೆ ಬಂದರು.

ಕೂಗಿ ಹರಾಜು ಹಾಕುವ ಆ ಪದ್ಧತಿಯಲ್ಲಿ ವಲ್ಲಿಯೇನೋ ಸರಿಯಿತು. ಆದರೆ ಅದಕ್ಕೂ ಮಿತಿಗಳಿದ್ದುವು. ಹರಾಜು ಕೂಗುವವರು ಒಂದು ಲಾಟಿನಿಂದ ಮತ್ತೊಂದು ಲಾಟಿಗೆ ನಡೆಯುತ್ತ ಹೋಗಬೇಕು. ಅವರ ಹಿಂದೆ ರೀಲರುಗಳ, ಎಂದರೆ ನೂಲು ಬಿಚ್ಚುವ ಉದ್ಯಮಿಗಳ, ಗುಂಪು. ಗದ್ದಲದಲ್ಲಿ ಯಾರ ಕೂಗು ಕೇಳಿತು, ಯಾರದು ಕೇಳಲಿಲ್ಲ ಎಂಬುದೇ ಒಂದು ತಕರಾರು. ನಾಲ್ಕಾರು ಮಂದಿ ಕಣ್ಸನ್ನೆಯಲ್ಲಿ ಒಂದಾದರೆ ಬೆಲೆ ಮೇಲೇರದು. ತನ್ನ ಲಾಟಿನ ಸರದಿ ಕೊನೆಗೆ ಬಂದ ರೈತನ ಎದುರಿಗೆ ಕೊಳ್ಳುವವರ ಸಂಖ್ಯೆಯೂ ಕಡಮೆಯಾಗಿರುತ್ತಿತ್ತು.

ಈ ಶತಮಾನದ ಎರಡನೆಯ ದಶಕದಲ್ಲಿ ರಾಜ್ಯದ ಪ್ರಮುಖ ಗೂಡಿನ ಮಾರುಕಟ್ಟೆಗಳಿಗೆ ಇ-ಹರಾಜು ಕಾಲಿಟ್ಟಿತು. ಅದರ ಕ್ರಮ ಸರಳವಾಗಿಯೇ ಇದೆ. ಬೆಳಗಿನಲ್ಲಿ ಬಂದ ರೈತನು ತನ್ನ ಹೆಸರನ್ನು ನೋಂದಾಯಿಸಿ ಲಾಟಿನ ಸಂಖ್ಯೆಯೊಂದನ್ನು ಪಡೆಯುತ್ತಾನೆ. ಗೂಡನ್ನು ಜಾಲರಿಯಲ್ಲಿ ಸುರಿದು ಹರಡುತ್ತಾನೆ. ರೀಲರುಗಳು ಸಾಲುಸಾಲಾಗಿ ಬಂದು ಗೂಡುಗಳನ್ನು ನೋಡಿ, ಮುಟ್ಟಿ, ಪರೀಕ್ಷಿಸಿ ಹೋಗುತ್ತಾರೆ. ಇಷ್ಟರವರೆಗೆ ಹಳೆಯ ಮಾರುಕಟ್ಟೆಯೇ. ಬಳಿಕ ಗೊತ್ತಾದ ಅವಧಿಯಲ್ಲಿ ಪ್ರತಿಯೊಬ್ಬ ರೀಲರನೂ ತನ್ನ ಮೊಬೈಲ್ ಫೋನಿನಲ್ಲಿ ಲಾಟಿನ ಸಂಖ್ಯೆಯನ್ನೂ ಒಂದು ಕಿಲೋ ಗೂಡಿಗೆ ತಾನು ಕೊಡಬಯಸುವ ಬೆಲೆಯನ್ನೂ ಒತ್ತುತ್ತಾನೆ. ನೂರಾರು ಲಾಟುಗಳ ಹರಾಜು ಒಂದೇ ವೇಳೆಗೆ ನಡೆಯುತ್ತದೆ. ಅವಧಿ ಮುಗಿದೊಡನೆ ಪ್ರತಿ ಲಾಟಿಗೂ ಬಂದ ಅತಿ ಹೆಚ್ಚಿನ ಬೆಲೆ ಪ್ರಕಟವಾಗುತ್ತದೆ. ರೈತನ ಫೋನಿಗೂ ಸಂದೇಶವೊಂದು ಬರುತ್ತದೆ. ಬೆಲೆ ಒಪ್ಪಿಗೆಯಾದರೆ ಅವನು ಸಮ್ಮತಿಸಬಹುದು. ಇಲ್ಲವಾದರೆ ನಿರಾಕರಿಸಿ ಮುಂದಿನ ಸುತ್ತಿಗೆ ಕಾಯಬಹುದು.

ಈ ಕೊನೆಯ ಮಾತನ್ನು ಗಮನಿಸಬೇಕು. ಕಿಲೋ ಒಂದಕ್ಕೆ ಹತ್ತು ರೂಪಾಯಿಯ ವ್ಯತ್ಯಾಸ ಅಲ್ಪವೆಂದು ತೋರಬಹುದು. ನೂರು ಕಿಲೋ ಗೂಡು ತಂದವನಿಗೆ ಅದು ಒಂದು ಸಾವಿರ ರೂಪಾಯಿ. ವರ್ಷಕ್ಕೆ ಐದು ಬೆಳೆ ತೆಗೆಯುವವನಿಗೆ ಐದು ಸಾವಿರ. ಹಿಂದೆ ಅವನು ಬೆಲೆಯನ್ನು ನಿರಾಕರಿಸಲು ಆಧಾರವೇನೂ ಇರಲಿಲ್ಲ. ಈಗ ಪಕ್ಕದ ಜಾಲರಿಯ ಗೂಡಿಗೆ ಎಷ್ಟು ಬಂದಿತು, ನಿನ್ನೆಯ ದಿನ ಎಷ್ಟಿತ್ತು, ಶಿಡ್ಲಘಟ್ಟದಲ್ಲಿ ಎಷ್ಟಿದೆ ಎಂಬುದೆಲ್ಲ ಅವನ ಅಂಗೈಯಲ್ಲಿದೆ. ಮರಳವಾಡಿಯ ಕಡೆಯ ರೈತನು ಗೂಡು ಬಿಡಿಸುವ ಮುನ್ನಾದಿನವೇ ಬೆಲೆಗಳನ್ನು ನೋಡಿ, ಕನಕಪುರದ ಮಾರುಕಟ್ಟೆಗೆ ಹೋಗುವುದೋ ರಾಮನಗರಕ್ಕೆ ಹೋಗುವುದೋ ಎಂದು ಮನೆಯಲ್ಲಿ ಕುಳಿತೇ ನಿರ್ಧರಿಸಬಲ್ಲನು. ಅನೇಕ ಮನೆಗಳಲ್ಲಿ ಆ ಸಂದೇಶವನ್ನು ಓದಿ ಹೇಳುವವರು ಶಾಲೆಗೆ ಹೋಗುವ ಮಕ್ಕಳು. ಅಪ್ಪನ ಒಂದು ತಿಂಗಳ ದುಡಿಮೆಯ ಬೆಲೆ ಮೊದಲು ತಿಳಿಯುವುದು ಒಂಬತ್ತನೆಯ ತರಗತಿಯ ಮಗಳಿಗೆ!

ಹರಾಜಿನ ನಂತರ ತೂಕ. ವಿದ್ಯುನ್ಮಾನ ತಕ್ಕಡಿಯಲ್ಲಿ ಬಂದ ತೂಕ ನೇರವಾಗಿ ಗಣಕಕ್ಕೆ ಸೇರುವುದರಿಂದ ಚೀಟಿಯಲ್ಲಿ ತಿದ್ದುವುದಕ್ಕೆ ಆಸ್ಪದ ಕಡಮೆ. ಅದರ ನಂತರ ಹಣ. ನಗದು ಎಣಿಸಿ ಕೊಡುತ್ತಿದ್ದ ಪದ್ಧತಿ ಹೋಗಿ, ರೈತನ ಬ್ಯಾಂಕ್ ಖಾತೆಗೆ ಹಣ ಜಮೆಯಾಗುವ ವ್ಯವಸ್ಥೆ ಬಂದಿದೆ. ಗೂಡು ಮಾರಿದ ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಕತ್ತಲಲ್ಲಿ ಊರಿಗೆ ಮರಳುವ ಭಯ ತಪ್ಪಿದೆ. ‘ನಾಳೆ ಕೊಡುತ್ತೇನೆ’ ಎಂಬ ಮಾತಿಗೆ ಒಪ್ಪಿ ಬರಿಗೈಯಲ್ಲಿ ಹೋಗುವ ಪ್ರಸಂಗವೂ ಕಡಮೆಯಾಗಿದೆ.

ಹೀಗೆಂದು ರೀಲರನನ್ನು ಕಥೆಯ ಖಳನೆಂದು ಎಣಿಸುವುದು ನ್ಯಾಯವಲ್ಲ. ರಾಮನಗರದ ಗಲ್ಲಿಗಳಲ್ಲಿ ಮನೆಯ ಮುಂದಿನ ಕೋಣೆಯಲ್ಲಿಯೇ ಕುದಿಯುವ ನೀರಿನ ತೊಟ್ಟಿಯ ಎದುರು ಕುಳಿತು ನೂಲು ಬಿಚ್ಚುವ ಸಣ್ಣ ರೀಲರುಗಳ ಸ್ಥಿತಿ ರೈತನ ಸ್ಥಿತಿಗಿಂತ ಬಹಳ ಮೇಲೇನೂ ಅಲ್ಲ. ಇಂದು ಬಿಚ್ಚಿದ ನೂಲನ್ನು ಮಾರಿ ನಾಳಿನ ಗೂಡು ಕೊಳ್ಳಬೇಕಾದವರು ಅವರು. ಮಾತಿನ ಮೇಲೆ ಎರಡು ದಿನ ಸಾಲ ಸಿಗುತ್ತಿದ್ದ ಕಾಲದಲ್ಲಿ ಅಲ್ಪ ಬಂಡವಾಳದಿಂದಲೂ ಕಸುಬು ನಡೆಯುತ್ತಿತ್ತು. ಗಣಕಕ್ಕೆ ಮಾತಿನ ಸಾಲ ತಿಳಿಯದು. ಮುಂಗಡ ಹಣ ಕೈಯಲ್ಲಿರುವವನು ಮಾತ್ರ ಹರಾಜಿನಲ್ಲಿ ಧೈರ್ಯವಾಗಿ ನಿಲ್ಲಬಲ್ಲನು. ರೈತನಿಗೆ ಭದ್ರತೆಯಾದ ನಿಯಮವೇ ಸಣ್ಣ ರೀಲರನಿಗೆ ಬಿಗಿಯಾದುದು ಈ ಬದಲಾವಣೆಯ ಮತ್ತೊಂದು ಮುಖ.

ಗಣಕದ ಕಣ್ಣಿಗೆ ಕಾಣದ ಇನ್ನೊಂದು ವಿಷಯವಿದೆ. ಅದು ಗೂಡಿನ ಗುಣ. ಒಂದು ಕಿಲೋ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕಾಗುತ್ತದೆಂಬ ಲೆಕ್ಕಕ್ಕೆ ಈ ಕಸುಬಿನವರು ‘ರೆಂಡಿಟ್ಟ’ ಎನ್ನುತ್ತಾರೆ. ಒಳ್ಳೆಯ ದ್ವಿತಳಿ ಗೂಡಾದರೆ ಆರು ಆರೂವರೆ ಕಿಲೋ ಸಾಕು. ಸಾಮಾನ್ಯ ಮಿಶ್ರತಳಿಯಾದರೆ ಏಳೆಂಟು ಬೇಕು. ಜಾಲರಿಯ ಮುಂದೆ ಕ್ಷಣಕಾಲ ನಿಂತು ಈ ಸಂಖ್ಯೆಯನ್ನು ಊಹಿಸಬಲ್ಲವನೇ ನಿಪುಣ ರೀಲರ. ಅವನು ಗೂಡನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಅದುಮಿ ಗಟ್ಟಿತನ ನೋಡುತ್ತಾನೆ. ಕಿವಿಯ ಬಳಿ ಅಲುಗಿಸಿ, ಒಳಗಿನ ಕೋಶ ಒಣಗಿದ ಸದ್ದು ಮಾಡುವುದೋ ಸತ್ತು ಅಂಟಿಕೊಂಡಿರುವುದೋ ತಿಳಿಯುತ್ತಾನೆ. ಅವನು ಫೋನಿನಲ್ಲಿ ಒತ್ತುವ ಅಂಕೆಯ ಹಿಂದೆ ಈ ಬೆರಳುಗಳ ಅನುಭವವಿದೆ. ಮೇಲೆ ಚೆಂದದ ಗೂಡು, ಅಡಿಯಲ್ಲಿ ಕಲೆಯಾದ ಗೂಡು ಇದ್ದರೆ ತೂಕದ ಹೊತ್ತಿಗೆ ಜಗಳ ಹುಟ್ಟುತ್ತದೆ. ಆ ಜಗಳವನ್ನು ಇಂದಿಗೂ ಬಿಡಿಸುವವರು ಮನುಷ್ಯರೇ.

ಗೂಡಿನಲ್ಲಿ ನಡೆದುದೇ ಇತರ ಬೆಳೆಗಳಲ್ಲಿಯೂ ನಡೆದಿದೆ. ಕರ್ನಾಟಕವು 2014ರಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಸಂಸ್ಥೆಯನ್ನು ಸ್ಥಾಪಿಸಿ, ಕೃಷಿ ಉತ್ಪನ್ನ ಮಾರುಕಟ್ಟೆಗಳನ್ನು ಒಂದೇ ಏಕೀಕೃತ ವೇದಿಕೆಗೆ ತರಲು ತೊಡಗಿತು. ಇದಾದ ಮೇಲೆ 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರದ ‘ಇ-ನಾಮ್’ ಆರಂಭವಾಯಿತು. ಮಾವಿನ ವಿಷಯದಲ್ಲಿ ಮತ್ತೊಂದು ಬಗೆಯ ಪ್ರಯೋಗ ನಡೆಯಿತು. 2020ರ ಲಾಕ್‌ಡೌನಿನಲ್ಲಿ ಸಂತೆ, ಮಂಡಿಗಳು ಸ್ತಬ್ಧವಾದಾಗ ರಾಜ್ಯದ ಮಾವು ಅಭಿವೃದ್ಧಿ ನಿಗಮವು ಅಂತರಜಾಲದಲ್ಲಿ ಬೇಡಿಕೆ ಪಡೆದು, ಅಂಚೆ ಇಲಾಖೆಯ ನೆರವಿನಿಂದ ರೈತರ ಹಣ್ಣನ್ನು ಮೂರು ಕಿಲೋ ಪೆಟ್ಟಿಗೆಗಳಲ್ಲಿ ಬೆಂಗಳೂರಿನ ಮನೆಮನೆಗೆ ತಲುಪಿಸುವ ವ್ಯವಸ್ಥೆ ಮಾಡಿತು. ಕಾಗದ ತರುತ್ತಿದ್ದ ಅಂಚೆಯವನು ಬಾದಾಮಿ ಹಣ್ಣು ತಂದನು.

ಅಂಗಡಿ ಬೀದಿಯಲ್ಲಿ ಎದ್ದು ಕಾಣುವ ಬದಲಾವಣೆಯೆಂದರೆ ಕಪ್ಪುಬಿಳುಪಿನ ಚೌಕಾಕಾರದ ಚಿತ್ರ. ಕ್ಯೂಆರ್ ಕೋಡ್ ಎಂದು ಕರೆಯುವ ಇದನ್ನು 1994ರಲ್ಲಿ ಜಪಾನಿನ ಡೆನ್ಸೋ ವೇವ್ ಕಂಪನಿಯಲ್ಲಿ, ಮೋಟಾರು ವಾಹನಗಳ ಬಿಡಿಭಾಗಗಳ ಲೆಕ್ಕವಿಡುವುದಕ್ಕಾಗಿ ರೂಪಿಸಲಾಯಿತು. 2016ರಲ್ಲಿ ಭಾರತದಲ್ಲಿ ಯುಪಿಐ ಪಾವತಿ ವ್ಯವಸ್ಥೆ ಜಾರಿಗೆ ಬಂದ ಮೇಲೆ ಅದು ಹೂವಿನ ಬುಟ್ಟಿ, ಎಳನೀರಿನ ಗಾಡಿ, ಸಂತೆಯ ತರಕಾರಿ ರಾಶಿಗಳನ್ನೆಲ್ಲ ಏರಿ ಕುಳಿತಿದೆ. ಚಿಲ್ಲರೆಯ ಜಗಳ ತೀರಿತು. ವ್ಯಾಪಾರಿಯ ಪ್ರತಿದಿನದ ವಹಿವಾಟಿಗೆ ದಾಖಲೆಯೊಂದು ಉಂಟಾಯಿತು. ವಂಚನೆಯೂ ಹೊಸ ವೇಷ ತೊಟ್ಟು ಬಂದಿತು. ಹಣ ಪಡೆಯುವುದಕ್ಕೆ ಗುಪ್ತಸಂಖ್ಯೆಯನ್ನು ಒತ್ತಬೇಕಾಗಿಲ್ಲವೆಂಬ ಸಣ್ಣ ಸಂಗತಿಯನ್ನು ಅರಿಯದೆ ಹಣ ಕಳೆದುಕೊಂಡವರು ಕೆಲವರಲ್ಲ.

ಗೂಡು ಹತ್ತಿರದ ಮಾರುಕಟ್ಟೆಯಲ್ಲಿ, ಬಲ್ಲವರ ನಡುವೆ ಮಾರಾಟವಾಗುವ ವಸ್ತು. ಕಾಣದ ಕೊಳ್ಳುಗನಿಗೆ ಮಾರುವ ಬಗೆಯನ್ನು ತಿಳಿಯಲು ಚನ್ನಪಟ್ಟಣದ ಬೊಂಬೆಗಳನ್ನು ನೋಡಬೇಕು. ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ, ಕೇದಗೆಯ ಎಲೆಯಿಂದ ಉಜ್ಜಿ ಹೊಳಪು ಕೊಡುವ ಈ ಕಸುಬು ಟಿಪ್ಪುವಿನ ಕಾಲದಿಂದ ಬಂದಿತೆಂಬ ಪ್ರತೀತಿಯಿದೆ. ಬಹುಕಾಲ ಇದರ ಮಾರಾಟವೆಂದರೆ ಬೆಂಗಳೂರು–ಮೈಸೂರು ಹೆದ್ದಾರಿಯ ಅಂಗಡಿಗಳು, ಸರ್ಕಾರಿ ಮಳಿಗೆಗಳು, ವಿದೇಶಕ್ಕೆ ಕಳುಹಿಸುವ ವರ್ತಕರು. ಕುಶಲಕರ್ಮಿಗೆ ತನ್ನ ಬೊಂಬೆಯನ್ನು ಕೊಂಡ ಮಗು ಯಾವ ಊರಿನದೆಂಬುದು ತಿಳಿಯುತ್ತಿರಲಿಲ್ಲ. ಆ ಊರಿನಲ್ಲಿ ಅದಕ್ಕೆ ಎಷ್ಟು ಬೆಲೆಯೆಂಬುದೂ ತಿಳಿಯುತ್ತಿರಲಿಲ್ಲ.

2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್, 2013ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಅಮೆಜಾನ್ ಮುಂತಾದ ಜಾಲತಾಣಗಳು ಈ ದೂರವನ್ನು ಅಳಿಸಿದುವು. ಚನ್ನಪಟ್ಟಣದ ಗಿಲಕಿಯೊಂದರ ಚಿತ್ರವನ್ನು ದೆಹಲಿಯ ತಾಯಿಯೊಬ್ಬಳು ನೋಡಿ, ಹಣ ತೆತ್ತು, ಮನೆಬಾಗಿಲಿನಲ್ಲಿ ಪಡೆಯಬಲ್ಲಳು. ಆದರೆ ಲಕ್ಷಾಂತರ ಆಟಿಕೆಗಳ ನಡುವೆ ಈ ಗಿಲಕಿಯೇ ಅವಳ ಕಣ್ಣಿಗೆ ಬಿದ್ದುದು ಹೇಗೆ? ಹೊಸ ಮಾರಾಟ ವಿದ್ಯೆಯ ಮರ್ಮವಿರುವುದು ಈ ಪ್ರಶ್ನೆಯಲ್ಲಿ.

ಪತ್ರಿಕೆಯ ಜಾಹೀರಾತು ಓದಿದವರೆಲ್ಲರಿಗೂ ಒಂದೇ. ಬೇಕಾದವರು ನೋಡಲಿ, ಬೇಡದವರು ನೋಡಲಿ, ಕೊಡುವ ಹಣದಲ್ಲಿ ವ್ಯತ್ಯಾಸವಿಲ್ಲ. ಅಂತರಜಾಲದ ಜಾಹೀರಾತು ಹಾಗಲ್ಲ. ಯಾರು ಏನನ್ನು ಹುಡುಕಿದರು, ಯಾವ ಚಿತ್ರದ ಮೇಲೆ ಎಷ್ಟು ಹೊತ್ತು ನಿಂತರು, ಹಿಂದೆ ಏನು ಕೊಂಡರು ಎಂಬುದನ್ನೆಲ್ಲ ಗಣಕಗಳು ನೆನಪಿಟ್ಟು, ಮಗುವಿರುವ ಮನೆಗೆ ಗಿಲಕಿಯ ಚಿತ್ರವನ್ನೂ, ಹೊಲವಿರುವ ಮನೆಗೆ ಪಂಪಿನ ಚಿತ್ರವನ್ನೂ ಕಳುಹಿಸುತ್ತವೆ. ಚಿತ್ರದ ಮೇಲೆ ಬೆರಳೊತ್ತಿದಾಗ ಮಾತ್ರ ಹಣ ತೆರಬೇಕಾದ ಜಾಹೀರಾತುಗಳೂ ಇವೆ. ಅಲ್ಪ ಬಂಡವಾಳದವನಿಗೆ ಇದರಿಂದ ಅನುಕೂಲವುಂಟು. ಊರಿಗೆಲ್ಲ ಡಂಗುರ ಹೊಡೆಯದೆ, ಕೊಳ್ಳಬಹುದಾದವರ ಬಾಗಿಲನ್ನು ಮಾತ್ರ ತಟ್ಟಬಹುದು. ಇದರ ಬೆಲೆಯನ್ನು ತೆರುವವರು ನೋಡುಗರು. ತಮ್ಮ ಇಷ್ಟಾನಿಷ್ಟಗಳ ಲೆಕ್ಕವನ್ನು ಅವರು ಅರಿಯದೆಯೇ ಪರರಿಗೆ ಒಪ್ಪಿಸಿರುತ್ತಾರೆ.

ಇಲ್ಲಿ ವಲ್ಲಿ ಮತ್ತೆ ಬರುತ್ತದೆ. ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ನಿಯಮ ಎಲ್ಲರಿಗೂ ತಿಳಿದಿದೆ. ಹೆಚ್ಚು ಬೆಲೆ ಒತ್ತಿದವನಿಗೆ ಲಾಟು. ಜಾಲತಾಣದಲ್ಲಿ ಯಾರ ಬೊಂಬೆ ಮೊದಲ ಪುಟದಲ್ಲಿ ಕಾಣಬೇಕು, ಯಾರದು ಹತ್ತನೆಯ ಪುಟಕ್ಕೆ ಸರಿಯಬೇಕೆಂಬುದನ್ನು ನಿರ್ಧರಿಸುವ ಲೆಕ್ಕ ಮಾರುವವನಿಗೂ ಕೊಳ್ಳುವವನಿಗೂ ಪೂರ್ಣವಾಗಿ ಕಾಣದು. ಕೊಂಡವರು ಕೊಡುವ ನಕ್ಷತ್ರಗಳ ಸಂಖ್ಯೆ, ಜಾಹೀರಾತಿಗೆ ತೆತ್ತ ಹಣ, ಸರಕು ತಲುಪಿಸುವ ವೇಗ ಇವೆಲ್ಲ ಆ ಲೆಕ್ಕದಲ್ಲಿ ಸೇರಿರುತ್ತವೆ. ಇದರ ಮೇಲೆ ಜಾಲತಾಣದ ಕಮಿಷನ್, ಸಾಗಣೆಯ ವೆಚ್ಚ, ಕೊಂಡವರು ಹಿಂದಿರುಗಿಸಿದ ಸರಕಿನ ನಷ್ಟ. ಇಬ್ಬರು ಮೂವರು ಸೇರಿ ಕೆಲಸ ಮಾಡುವ ಪುಟ್ಟ ಕಾರ್ಖಾನೆಗೆ ಬೊಂಬೆ ಕಡೆಯುವುದು ತಿಳಿದಿರುತ್ತದೆ. ಚೆಂದದ ಚಿತ್ರ ತೆಗೆಯುವುದು, ಇಂಗ್ಲಿಷಿನಲ್ಲಿ ವಿವರ ಬರೆಯುವುದು, ದೂರುಗಳಿಗೆ ಉತ್ತರಿಸುವುದು ತಿಳಿದಿರಬೇಕೆಂದಿಲ್ಲ. ಆದ್ದರಿಂದ ಅನೇಕರು ಈ ಕೆಲಸ ಬಲ್ಲ ವರ್ತಕರಿಗೇ ಸರಕನ್ನು ಒಪ್ಪಿಸುತ್ತಾರೆ. ದಲ್ಲಾಳಿ ಹೋದನೆಂದುಕೊಂಡ ಕಡೆ ಹೊಸ ದಲ್ಲಾಳಿ ಬಂದಿರುತ್ತಾನೆ.

ಹೆಸರಿನ ಪ್ರಶ್ನೆಯೂ ಸಣ್ಣದಲ್ಲ. ಚನ್ನಪಟ್ಟಣದ ಬೊಂಬೆಗಳಿಗೆ 2005–06ರ ಸಾಲಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬೇರೆಡೆ ತಯಾರಾದ ಆಟಿಕೆಗೆ ಈ ಊರಿನ ಹೆಸರಿಡಬಾರದೆಂಬುದು ಅದರ ಅರ್ಥ. 2020ರ ಆಗಸ್ಟಿನಲ್ಲಿ ಪ್ರಧಾನ ಮಂತ್ರಿಗಳು ತಮ್ಮ ರೇಡಿಯೋ ಭಾಷಣದಲ್ಲಿ ದೇಶದ ಆಟಿಕೆಗಳ ಕೇಂದ್ರಗಳನ್ನು ಹೆಸರಿಸುವಾಗ ಚನ್ನಪಟ್ಟಣವನ್ನೂ ನೆನೆದರು. ಹೆಸರು ಬೆಳೆದಂತೆಲ್ಲ ಆ ಹೆಸರನ್ನು ಕದಿಯುವ ಆಸೆಯೂ ಬೆಳೆಯುತ್ತದೆ. ಅಂಗಡಿಯಲ್ಲಾದರೆ ಬೊಂಬೆಯನ್ನು ಕೈಗೆತ್ತಿಕೊಂಡು, ಅರಗಿನ ನುಣುಪನ್ನು ಬೆರಳಿನಿಂದ ಸವರಿ ನಿಜಾಂಶ ತಿಳಿಯಬಹುದು. ಫೋನಿನ ಗಾಜಿನ ಮೇಲೆ ಎಲ್ಲ ಬೊಂಬೆಗಳೂ ಒಂದೇ ನುಣುಪು.

ರಾಮನಗರದ ಮಾರುಕಟ್ಟೆಯಲ್ಲಿ ಇಂದಿಗೂ ಬೆಳಕು ಹರಿಯುವ ವೇಳೆಗೆ ಗೂಡಿನ ಚೀಲಗಳು ಬಂದಿಳಿಯುತ್ತವೆ. ರಾತ್ರಿಯ ತಂಪಿನಲ್ಲಿ ಪಯಣಿಸಿ ಬಂದ ರೈತರು ಟೀ ಕುಡಿದು, ಜಾಲರಿಯಲ್ಲಿ ಗೂಡು ಹರಡಿ, ಕಸಕಡ್ಡಿ ಆರಿಸಿ ಕಾಯುತ್ತಾರೆ. ರೀಲರನೊಬ್ಬ ಬಂದು ಒಂದು ಗೂಡನ್ನೆತ್ತಿ ಕಿವಿಯ ಬಳಿ ಅಲುಗಿಸುತ್ತಾನೆ. ಮಾತಿಲ್ಲದೆ ಮುಂದಿನ ಜಾಲರಿಗೆ ಸರಿಯುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ರೈತನ ಅಂಗಿಯ ಜೇಬಿನಲ್ಲಿ ಫೋನು ಸದ್ದು ಮಾಡುತ್ತದೆ. ಅವನು ಅಂಕೆಯನ್ನು ನೋಡುತ್ತಾನೆ, ಪಕ್ಕದವನಿಗೆ ಎಷ್ಟು ಬಂದಿತೆಂದು ವಿಚಾರಿಸುತ್ತಾನೆ, ಮನೆಗೊಂದು ಕರೆ ಮಾಡುತ್ತಾನೆ. ಮತ್ತೊಂದು ಸುತ್ತು ಕಾಯುವುದೋ ಬೇಡವೋ ಎಂಬುದನ್ನು ಅವನಿನ್ನೂ ನಿರ್ಧರಿಸಬೇಕಾಗಿದೆ.